ನಡು ಬೇಸಿಗೆಯಲ್ಲಿ ಮನೆ ಖಾಲಿ ಮಾಡಬೇಕು, ಗಾಡಿ ಸಿಗುತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಹೊಸ ವಿಳಾಸ
ಎಲ್ಲರಿಗೂ ನಮಸ್ಕಾರ. ಈ ಬೇಸಿಗೆ ರಜೆಯಲ್ಲಿ ಸಂಸಾರ ಸಮೇತ ಬೇರೆ ಊರಿಗೆ ಹೋಗಬೇಕಾಗಿದೆ. ಈಗಿನ ಮನೆಯ ಬಾಡಿಗೆ ತಿಂಗಳ ಕೊನೆಯ ದಿನ ಮುಗಿಯುತ್ತದೆ. ಹೊಸ ಮನೆಯ ಕೀಲಿ ಮಾರನೇ ದಿನ, ಒಂದನೇ ತಾರೀಖಿಗೆ ಸಿಗುತ್ತದೆ. ಇನ್ನೂ ಎರಡು ತಿಂಗಳು ಇದೆ ಅಂತ ಸಾಗಣೆಯವರಿಗೆ ಫೋನ್ ಮಾಡಿದರೆ, ಕೆಲವರು ಆ ದಿನಕ್ಕೆ ಗಾಡಿಯೇ ಇಲ್ಲ ಎಂದರು. ಒಬ್ಬರು ಏನೂ ನೋಡದೆ ಫೋನಿನಲ್ಲೇ ತುಂಬಾ ಕಡಿಮೆ ರೇಟು ಹೇಳಿ, ಇವತ್ತೇ ಅಡ್ವಾನ್ಸ್ ಹಾಕಿ ಎಂದರು.

ಮನೆಯಲ್ಲಿ ಇಬ್ಬರು ಸಣ್ಣ ಮಕ್ಕಳು, ಇನ್ಸುಲಿನ್ ತೆಗೆದುಕೊಳ್ಳುವ ಅತ್ತೆ, ಒಂದು ಬೆಕ್ಕು. ಸಾಮಾನಿನಲ್ಲಿ ಫ್ರಿಜ್, ವಾಷಿಂಗ್ ಮೆಷಿನ್, ಎಸಿ, ಮತ್ತೆ ರಾಶಿ ಪುಸ್ತಕ. ಈಗಿರುವುದು ಮೂರನೇ ಮಹಡಿಯಲ್ಲಿ. ಲಿಫ್ಟ್ ಇದೆ, ಆದರೆ ಚಿಕ್ಕದು. ಎಲ್ಲವನ್ನೂ ಒಂದೇ ಸಲ ಯೋಚಿಸಲು ಹೋಗಿ ತಲೆ ಓಡುತ್ತಿಲ್ಲ. ಮೊದಲು ಯಾವುದು?

ಲಾರಿ ಜೊತೆಗಾರ
ನಾನು ಸಾಗಣೆ ಕೆಲಸದಲ್ಲೇ ಬಹಳ ವರ್ಷ ಇದ್ದವನು. ಮೊದಲು ದಿನಾಂಕ ಸರಿಮಾಡಿಕೊಳ್ಳಿ ಮೇಡಂ. ಉಳಿದದ್ದೆಲ್ಲ ಆಮೇಲೆ.

ಬೇಸಿಗೆಯಲ್ಲಿ ಯಾಕೆ ಇಷ್ಟು ನೂಕುನುಗ್ಗಲು ಅಂದರೆ, ಮಕ್ಕಳಿರುವ ಮನೆಯವರೆಲ್ಲ ಶಾಲೆ ಮುಗಿದು ಮತ್ತೆ ಶುರುವಾಗುವ ಆ ಸಂದಿಯಲ್ಲೇ ಹೊರಡುತ್ತಾರೆ. ಅದರಲ್ಲೂ ಬಾಡಿಗೆ ತಿಂಗಳ ಕೊನೆಗೆ ಮುಗಿಯುವುದರಿಂದ ಎಲ್ಲರಿಗೂ ಬೇಕಾಗುವುದು ಅದೇ ನಾಲ್ಕೈದು ದಿನ. ಅದರೊಳಗೂ ಶನಿವಾರ, ಭಾನುವಾರವೇ ಬೇಕು. ಗಾಡಿಗಳು ಹೆಚ್ಚಾಗುವುದಿಲ್ಲ, ಕೇಳುವವರು ಹೆಚ್ಚಾಗುತ್ತಾರೆ. ನೀವು ಕೇಳುತ್ತಿರುವ ದಿನ ಇಡೀ ವರ್ಷದಲ್ಲೇ ಕಷ್ಟದ ದಿನಗಳಲ್ಲಿ ಒಂದು. ಅದೇ ಗಾಡಿ, ಅದೇ ಜನ, ತಿಂಗಳ ನಡುವಿನ ಮಂಗಳವಾರವೋ ಬುಧವಾರವೋ ಆದರೆ ಸುಲಭವಾಗಿ ಸಿಗುತ್ತಾರೆ. ರೇಟೂ ಇಳಿಯುತ್ತದೆ.

ಇನ್ನೊಂದು ಮಾತು. ಸೀಸನ್‌ನಲ್ಲಿ ಒಂದು ತಂಡ ಒಂದೇ ದಿನ ಎರಡು ಮನೆ ಒಪ್ಪಿಕೊಂಡಿರುತ್ತದೆ. ನಿಮ್ಮದು ಎರಡನೆಯದಾದರೆ ಬೆಳಿಗ್ಗೆ ಎಂದವರು ಸಂಜೆ ಬರುತ್ತಾರೆ. ಹಾಗಾಗಿ ‘ಆ ದಿನದ ಮೊದಲ ಕೆಲಸ ನಮ್ಮದೇ’ ಎಂದು ಬರವಣಿಗೆಯಲ್ಲಿ ಹಾಕಿಸಿಕೊಳ್ಳಿ.

ಮನೆ ಮಾಲೀಕ
ನಾನು ಮನೆ ಬಾಡಿಗೆಗೆ ಕೊಡುವವನು. ಆ ಕಡೆಯಿಂದ ಒಂದು ಮಾತು ಹೇಳುತ್ತೇನೆ. ಕೊನೆಯ ದಿನ ಬಿಟ್ಟು ಮಾರನೇ ದಿನ ಸೇರುವ ಲೆಕ್ಕ ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ, ಅಷ್ಟೇ. ಗಾಡಿ ಅರ್ಧ ದಿನ ತಡವಾದರೂ ನೀವು ಇಲ್ಲೂ ಇಲ್ಲ, ಅಲ್ಲೂ ಇಲ್ಲ. ಬೇಸಿಗೆಯಲ್ಲಿ ನಿಮ್ಮ ಮನೆಗೆ ಬರುವವರೂ ಬಾಗಿಲಲ್ಲೇ ಕಾಯುತ್ತಿರುತ್ತಾರೆ. ಅದಕ್ಕೇ ಕೊನೇ ಗಳಿಗೆಯಲ್ಲಿ ಇನ್ನೆರಡು ದಿನ ಕೊಡಿ ಎಂದರೆ ಮಾಲೀಕರಿಗೆ ಕೊಡಲು ಮನಸ್ಸಿದ್ದರೂ ಆಗುವುದಿಲ್ಲ. ಈಗಲೇ ಕೇಳಿದರೆ ಆಗಬಹುದು.

ಹೊಸ ಮನೆಯವರನ್ನು ಮೊದಲು ಕೇಳಿ. ಆ ಮನೆ ಈಗಾಗಲೇ ಖಾಲಿ ಇದ್ದರೆ, ಕೆಲವು ದಿನದ ಬಾಡಿಗೆ ಜಾಸ್ತಿ ಕೊಟ್ಟು ಕೀಲಿ ಮುಂಚೆಯೇ ಪಡೆಯಿರಿ. ತಿಂಗಳ ಕೊನೆಯ ಲಾರಿ ರೇಟು ಮತ್ತು ನಡುವಿನ ದಿನದ ಲಾರಿ ರೇಟು ಎರಡನ್ನೂ ಕೇಳಿ ನೋಡಿ. ಎಷ್ಟೋ ಸಲ ಆ ವ್ಯತ್ಯಾಸದಲ್ಲೇ ಹೆಚ್ಚಿನ ಬಾಡಿಗೆ ಹುಟ್ಟಿಬಿಡುತ್ತದೆ. ದುಡ್ಡು ಉಳಿಯದಿದ್ದರೂ ಜೀವಕ್ಕೆ ನೆಮ್ಮದಿ.

ಹೊಸ ವಿಳಾಸ
ಇದು ಹೊಳೆದೇ ಇರಲಿಲ್ಲ. ಹೊಸ ಮನೆಗೆ ಸುಣ್ಣಬಣ್ಣ ಆಗುತ್ತಿದೆ ಎಂದಿದ್ದರು. ಯಾವಾಗ ಮುಗಿಯುತ್ತದೆ ಅಂತ ನಾಳೆಯೇ ಕೇಳುತ್ತೇನೆ. ಆ ಕಡಿಮೆ ರೇಟಿನವರ ವಿಷಯ ಏನಂತೀರಿ?

ಲಾರಿ ಜೊತೆಗಾರ
ಸಾಮಾನು ನೋಡದೆ ರೇಟು ಹೇಳುವವರನ್ನು ನಂಬಬೇಡಿ. ನೋಡದವರಿಗೆ ಎಷ್ಟು ದೊಡ್ಡ ಗಾಡಿ, ಎಷ್ಟು ಜನ ಬೇಕು ಅಂತ ಹೇಗೆ ಗೊತ್ತಾಗುತ್ತದೆ? ಈ ಮೋಸದ ದಾರಿ ಎಲ್ಲಾ ಕಡೆ ಒಂದೇ ತರ ಇರುತ್ತದೆ. ಮೊದಲು ಅಗ್ಗದ ರೇಟು, ಆಮೇಲೆ ದೊಡ್ಡ ಅಡ್ವಾನ್ಸ್. ಸಾಮಾನು ಗಾಡಿ ಹತ್ತಿದ ಮೇಲೆ ‘ಲೆಕ್ಕಕ್ಕಿಂತ ಜಾಸ್ತಿ ಇದೆ’ ಎಂಬ ರಾಗ. ಜಾಸ್ತಿ ದುಡ್ಡು ಕೊಡುವ ತನಕ ಇಳಿಸುವುದಿಲ್ಲ. ಬೇಸಿಗೆಯಲ್ಲಿ ಜನ ಗಾಡಿ ಸಿಕ್ಕರೆ ಸಾಕು ಅನ್ನುವ ಸ್ಥಿತಿಯಲ್ಲಿ ಇರುವುದರಿಂದ ಇಂಥವರಿಗೆ ಇದೇ ಸುಗ್ಗಿ.

ಕಡಿಮೆ ಅಂದರೂ ಮೂರು ಕಡೆಯವರನ್ನು ಮನೆಗೆ ಕರೆಸಿ ತೋರಿಸಿ. ಬರಲಾಗದಿದ್ದರೆ ವಿಡಿಯೋ ಕಾಲ್‌ನಲ್ಲಿ ಪ್ರತಿ ಕೋಣೆ, ಪ್ರತಿ ಬೀರು, ಬಾಲ್ಕನಿ, ಅಟ್ಟ ಎಲ್ಲಾ ತೋರಿಸಿ. ಕೊಟೇಷನ್‌ನಲ್ಲಿ ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ಪ್ಯಾಕಿಂಗ್ ಸೇರಿದೆಯೋ, ಮಂಚ ಬಿಚ್ಚಿ ಜೋಡಿಸುವುದು ಸೇರಿದೆಯೋ, ಮೆಟ್ಟಿಲಿಗೆ ಬೇರೆ ದುಡ್ಡೋ, ಗಾಡಿ ಬಾಗಿಲ ತನಕ ಬರದಿದ್ದರೆ ಹೊತ್ತು ತರಲು ಎಷ್ಟು, ಒಂದು ದಿನ ಕಾಯಬೇಕಾದರೆ ಎಷ್ಟು. ಪೂರ್ತಿ ಗಾಡಿ ನಿಮ್ಮದೇನಾ ಅಥವಾ ಬೇರೆಯವರ ಸಾಮಾನೂ ಜೊತೆಗೆ ಬರುತ್ತದಾ ಎಂಬುದನ್ನು ಖಂಡಿತ ಕೇಳಿ. ಹಂಚಿಕೊಂಡ ಗಾಡಿ ಅಗ್ಗ, ಆದರೆ ತಲುಪುವ ದಿನ ನಿಮ್ಮ ಕೈಯಲ್ಲಿ ಇರುವುದಿಲ್ಲ. ಸೀಸನ್‌ನಲ್ಲಿ ಅಂತೂ ಇಲ್ಲವೇ ಇಲ್ಲ.

ಮೂರನೇ ಮಹಡಿ
ಲಿಫ್ಟ್ ವಿಷಯ ಯಾರೂ ಹೇಳಲಿಲ್ಲ. ದೊಡ್ಡ ಕಟ್ಟಡಗಳಲ್ಲಿ ಸಾಮಾನು ಸಾಗಿಸಲು ಸಮಯ ಗೊತ್ತುಮಾಡಿರುತ್ತಾರೆ. ತಿಂಗಳ ಕೊನೆಯಲ್ಲಿ ಒಂದೇ ಕಟ್ಟಡದಲ್ಲಿ ಎರಡು ಮೂರು ಮನೆಯವರು ಖಾಲಿ ಮಾಡುತ್ತಿರುತ್ತಾರೆ. ಎರಡೂ ಕಡೆಯ ಕಟ್ಟಡದವರಿಗೆ ಮೊದಲೇ ಹೇಳಿ ಲಿಫ್ಟ್ ಮತ್ತು ಗಾಡಿ ನಿಲ್ಲಿಸುವ ಜಾಗ ಎರಡನ್ನೂ ಕಾಯ್ದಿರಿಸಿ. ಟೇಪ್ ಹಿಡಿದು ಲಿಫ್ಟ್ ಬಾಗಿಲು, ಫ್ರಿಜ್, ಸೋಫಾ ಅಳೆಯಿರಿ. ಹಿಡಿಸದೇ ಇರುವುದು ಯಾವುದು ಅಂತ ಸಾಗಣೆಯವರಿಗೆ ಮೊದಲೇ ಗೊತ್ತಿದ್ದರೆ ಒಬ್ಬ ಆಳು ಜಾಸ್ತಿ ಕರೆತರುತ್ತಾರೆ. ಹೊಸ ಮನೆಯ ಬಾಗಿಲು, ಮೆಟ್ಟಿಲ ತಿರುವು ಕೂಡ ಅಳೆಯಿರಿ.

ಆಮೇಲೆ ಪ್ಯಾಕಿಂಗ್. ನನ್ನ ಪ್ರಕಾರ ಎಲ್ಲಾ ನೀವೇ ಮಾಡಿಕೊಳ್ಳುವುದು ಒಳ್ಳೆಯದು. ಯಾವುದು ಎಲ್ಲಿದೆ ಅಂತ ನಿಮಗೇ ಗೊತ್ತಿರುತ್ತದೆ.

ಲಾರಿ ಜೊತೆಗಾರ
ಬಟ್ಟೆ, ಪುಸ್ತಕ, ಹಾಸಿಗೆ ಬಟ್ಟೆ ನೀವೇ ಮಾಡಿಕೊಳ್ಳಿ, ಒಪ್ಪುತ್ತೇನೆ. ಗಾಜು, ಪಿಂಗಾಣಿ, ಟಿವಿ ಮಾತ್ರ ಸಾಗಣೆಯವರೇ ಕಟ್ಟಲಿ. ಮನೆಯವರು ಕಟ್ಟಿದ ಡಬ್ಬದೊಳಗೆ ಒಡೆದದ್ದಕ್ಕೆ ವಿಮೆಯವರು ಸಾಮಾನ್ಯವಾಗಿ ಪರಿಹಾರ ಕೊಡುವುದಿಲ್ಲ. ‘ನಾವು ಕಟ್ಟಿದ್ದಲ್ಲ’ ಎಂದು ಸಾಗಣೆಯವರೂ ಕೈ ತೊಳೆದುಕೊಳ್ಳುತ್ತಾರೆ. ವಿಮೆಗೆ ಪ್ರತಿ ದೊಡ್ಡ ವಸ್ತುವಿನ ಬೆಲೆ ಬೇರೆಬೇರೆಯಾಗಿ ಬರೆದುಕೊಡಿ. ಹೊರಡುವ ಮೊದಲು ಎಲ್ಲದರ ಫೋಟೋ ತೆಗೆಯಿರಿ. ಮೊದಲೇ ಇದ್ದ ಗೀರು, ತಗ್ಗು ಕೂಡ ಅದರಲ್ಲಿ ಕಾಣಲಿ.

ಪುಸ್ತಕದ ಹುಳು
ಪುಸ್ತಕ ಅಂದ ಕೂಡಲೇ ಬಂದೆ. ದಯವಿಟ್ಟು ದೊಡ್ಡ ಡಬ್ಬದಲ್ಲಿ ಪುಸ್ತಕ ತುಂಬಬೇಡಿ. ಎತ್ತುವವರ ಬೆನ್ನೂ ಹೋಗುತ್ತದೆ, ಡಬ್ಬದ ತಳವೂ ಹೋಗುತ್ತದೆ. ಸಣ್ಣ ಡಬ್ಬ, ಒಂದೊಂದು 15 ಕಿಲೋ ಒಳಗೆ. ತಳಕ್ಕೆ ಎರಡು ಸುತ್ತು ಟೇಪ್. ದೊಡ್ಡ ಪುಸ್ತಕಗಳನ್ನು ಮಲಗಿಸಿ ಇಡಿ, ಸಣ್ಣವನ್ನು ಬೆನ್ನು ಕೆಳಗೆ ಮಾಡಿ ನಿಲ್ಲಿಸಿ. ಸಂದಿಗೆ ಕಾಗದ ತುರುಕಿ. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಿ ಕಟ್ಟಿದರೆ ಒಡೆಯುವುದು ಕಡಿಮೆ.

ಹೆಸರು ಬರೆಯುವುದು ಡಬ್ಬದ ಪಕ್ಕದಲ್ಲಿ. ಮೇಲೆ ಬರೆದರೆ ಪೇರಿಸಿದ ಮೇಲೆ ಯಾವುದೂ ಕಾಣುವುದಿಲ್ಲ. ಹೊಸ ಮನೆಯ ಯಾವ ಕೋಣೆಗೆ ಎಂದು ಬರೆಯಿರಿ, ಹಳೇ ಮನೆಯ ಕೋಣೆಯಲ್ಲ. ಸಂಖ್ಯೆ ಹಾಕಿ, ಒಂದು ನೋಟ್‌ಬುಕ್ಕಿನಲ್ಲಿ ಪಟ್ಟಿ ಇಟ್ಟುಕೊಳ್ಳಿ. ಇಳಿಸುವಾಗ ಬಾಗಿಲ ಹತ್ತಿರ ನಿಂತು ಟಿಕ್ ಹಾಕಲು ಒಬ್ಬರು ಬೇಕು.

ತಂಪು ಕೆಲಸದವ
ನಾನು ಎಸಿ, ಫ್ರಿಜ್ ರಿಪೇರಿ ಮಾಡುತ್ತೇನೆ. ಮೇಡಂ, ಲಾರಿ ಬುಕ್ ಮಾಡಿದ ದಿನವೇ ಎಸಿ ಮೆಕ್ಯಾನಿಕ್‌ಗೂ ಹೇಳಿಬಿಡಿ. ಬೇಸಿಗೆ ಅಂದರೆ ನಮಗೂ ಬಿಡುವಿಲ್ಲದ ಕಾಲ. ಹಿಂದಿನ ದಿನ ಫೋನ್ ಮಾಡಿದರೆ ಯಾರೂ ಬರುವುದಿಲ್ಲ. ಆಗ ಲೋಡಿಂಗ್ ಹುಡುಗರು ಪೈಪ್ ಕತ್ತರಿಸಿ ಎಸಿ ಇಳಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಸ್ಪ್ಲಿಟ್ ಎಸಿ ಬಿಚ್ಚುವ ಮೊದಲು ಅದನ್ನು ಓಡಿಸುತ್ತಲೇ ಒಂದು ವಾಲ್ವ್ ಮುಚ್ಚಿ, ಗ್ಯಾಸನ್ನೆಲ್ಲ ಹೊರಗಿನ ಯೂನಿಟ್‌ಗೆ ಎಳೆದುಕೊಂಡು, ಆಮೇಲೆ ಇನ್ನೊಂದು ವಾಲ್ವ್ ಮುಚ್ಚಬೇಕು. ಇದಕ್ಕೆ ಪಂಪ್ ಡೌನ್ ಅಂತೀವಿ. ಹೀಗೆ ಮಾಡದೆ ಬಿಚ್ಚಿದರೆ ಗ್ಯಾಸೆಲ್ಲ ಗಾಳಿಗೆ ಹೋಗುತ್ತದೆ. ಹೊಸ ಮನೆಯಲ್ಲಿ ಹಾಕುವಾಗ ಪೈಪಿನೊಳಗಿನ ಗಾಳಿ, ತೇವ ತೆಗೆಯಲು ವ್ಯಾಕ್ಯೂಮ್ ಮಾಡಿಸಬೇಕು. ಆ ಊರಲ್ಲೂ ಒಬ್ಬರನ್ನು ಈಗಲೇ ಗೊತ್ತುಮಾಡಿಕೊಳ್ಳಿ. ಇಲ್ಲದಿದ್ದರೆ ಕಡು ಬೇಸಿಗೆಯಲ್ಲಿ ಎಸಿ ಡಬ್ಬದಲ್ಲೇ ಕೂತಿರುತ್ತದೆ.

ಫ್ರಿಜ್ ಒಂದು ದಿನ ಮೊದಲೇ ಆಫ್ ಮಾಡಿ, ಬಾಗಿಲು ತೆರೆದಿಟ್ಟು, ಐಸ್ ಕರಗಿಸಿ ಒರೆಸಿ. ಗಾಡಿಯಲ್ಲಿ ನೆಟ್ಟಗೇ ನಿಲ್ಲಬೇಕು. ಮಲಗಿಸಿದರೆ ಕಂಪ್ರೆಸರ್‌ನಲ್ಲಿರುವ ಎಣ್ಣೆ ತಂಪಿನ ಕೊಳವೆಗಳಿಗೆ ಇಳಿಯುತ್ತದೆ. ಬೇರೆ ದಾರಿ ಇಲ್ಲದೆ ಮಲಗಿಸಿ ತಂದಿದ್ದರೆ, ಹೊಸ ಮನೆಯಲ್ಲಿ ಒಂದು ಪೂರ್ತಿ ದಿನ ನೆಟ್ಟಗೆ ನಿಲ್ಲಿಸಿ ಆಮೇಲೆ ಆನ್ ಮಾಡಿ. ನಿಂತೇ ಬಂದಿದ್ದರೂ ಕೆಲವು ಗಂಟೆ ಬಿಡುವುದು ಒಳ್ಳೆಯದು.

ವಾಷಿಂಗ್ ಮೆಷಿನ್ ಮುಂದೆ ಬಾಗಿಲಿರುವುದಾ? ಹಾಗಿದ್ದರೆ ಕೊಂಡಾಗ ಹಿಂಬದಿಯಿಂದ ಬಿಚ್ಚಿದ ಉದ್ದನೆಯ ಬೋಲ್ಟ್‌ಗಳಿರುತ್ತವೆ, ಹುಡುಕಿ. ಅವನ್ನು ಮತ್ತೆ ಹಾಕಿದರೆ ದಾರಿಯಲ್ಲಿ ಡ್ರಮ್ ಅಲ್ಲಾಡುವುದಿಲ್ಲ. ಹೊಸ ಮನೆಯಲ್ಲಿ ಓಡಿಸುವ ಮೊದಲು ಮಾತ್ರ ಮರೆಯದೆ ತೆಗೆಯಬೇಕು.

ಹೊಸ ವಿಳಾಸ
ಹೌದು, ಮುಂದೆ ಬಾಗಿಲಿರುವುದೇ. ಬೋಲ್ಟ್ ಒಂದು ಕವರಿನಲ್ಲಿ ಮೆಷಿನ್ ಹಿಂದೆಯೇ ಅಂಟಿಸಿಟ್ಟಿದ್ದಾರೆ, ಈಗ ನೋಡಿದೆ! ನಿಮ್ಮೆಲ್ಲರಿಗೂ ತುಂಬಾ ಥ್ಯಾಂಕ್ಸ್. ಬಿಸಿಲಿನ ಬಗ್ಗೆ ಏನಾದರೂ ಹೇಳಿ. ಅತ್ತೆಯವರ ಔಷಧಿ ನೆನೆಸಿಕೊಂಡರೆ ಭಯವಾಗುತ್ತದೆ.

ಇಬ್ಬರ ಅಮ್ಮ
ನಾನು ಆಸ್ಪತ್ರೆಯಲ್ಲಿ ನರ್ಸ್. ಇದರ ಬಗ್ಗೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಯಾಕೆಂದರೆ ಸಾಮಾನು ಒಡೆದರೆ ಇನ್ನೊಂದು ತರಬಹುದು.

ತೆರೆಯದ ಇನ್ಸುಲಿನ್ 2 ರಿಂದ 8 ಡಿಗ್ರಿಯಲ್ಲಿ ಇರಬೇಕು. ಈಗ ಬಳಸುತ್ತಿರುವುದು ಸಾಮಾನ್ಯವಾಗಿ ಸುಮಾರು 4 ವಾರ ಕೋಣೆಯ ಉಷ್ಣತೆಯಲ್ಲಿ ಇರಬಹುದು. ಆದರೆ ಬಿಸಿಲು ತಾಗಬಾರದು, ಕೋಣೆಯೂ ತೀರಾ ಕಾದಿರಬಾರದು. ನಿಮ್ಮ ಅತ್ತೆಯವರ ಔಷಧಿಯ ಜೊತೆ ಬಂದಿರುವ ಚೀಟಿಯಲ್ಲಿ ಎಷ್ಟು ಡಿಗ್ರಿ, ಎಷ್ಟು ದಿನ ಎಂದು ಇರುತ್ತದೆ, ಅದನ್ನೇ ಪಾಲಿಸಿ. ಪ್ರಯಾಣಕ್ಕೆ ಐಸ್ ಪ್ಯಾಕ್ ಇರುವ ಚೀಲ ಸಾಕು. ಇನ್ಸುಲಿನ್ ಐಸ್‌ಗೆ ನೇರವಾಗಿ ಅಂಟಬಾರದು, ನಡುವೆ ಬಟ್ಟೆ ಸುತ್ತಿ. ಒಮ್ಮೆ ಹೆಪ್ಪುಗಟ್ಟಿದರೆ ಅದು ಕೆಲಸಕ್ಕೆ ಬರುವುದಿಲ್ಲ. ಈ ಚೀಲ ನಿಮ್ಮ ಕೈಯಲ್ಲೇ ಇರಲಿ. ಲಾರಿಗೂ ಬೇಡ, ನಿಲ್ಲಿಸಿದ ಕಾರಿಗೂ ಬೇಡ. ಹೊರಡುವ ಮೊದಲು ಡಾಕ್ಟರ ಚೀಟಿ ಹೊಸದಾಗಿ ಬರೆಸಿ, ಕೆಲವು ವಾರಕ್ಕೆ ಸಾಕಾಗುವಷ್ಟು ಔಷಧಿ ತೆಗೆದಿಡಿ. ಹೊಸ ಊರಲ್ಲಿ ಡಾಕ್ಟರನ್ನು ಹುಡುಕಲು ಸಮಯ ಬೇಕಲ್ವಾ.

ಬಿಸಿಲಲ್ಲಿ ನಿಂತ ಕಾರಿನ ಒಳಗೆ ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿ ಏರುತ್ತದೆ. ಕಿಟಕಿ ಸ್ವಲ್ಪ ಇಳಿಸಿದ್ದರೂ ಅಂಥ ವ್ಯತ್ಯಾಸ ಆಗುವುದಿಲ್ಲ. ‘ಬೀಗ ಕೊಟ್ಟು ಈಗ ಬಂದೆ’ ಎಂದು ಮಗುವನ್ನೋ ಬೆಕ್ಕನ್ನೋ ಕಾರಿನಲ್ಲಿ ಬಿಟ್ಟು ಹೋಗುವುದು ಆ ದಿನದ ಗಡಿಬಿಡಿಯಲ್ಲೇ ಆಗುವುದು. ಮಕ್ಕಳನ್ನು ನೋಡಿಕೊಳ್ಳುವುದು ಯಾರ ಕೆಲಸ ಅಂತ ಹೆಸರು ಹಿಡಿದು ಹೇಳಿ. ಎಲ್ಲರೂ ನೋಡಿಕೊಳ್ಳೋಣ ಎಂದರೆ ಯಾರೂ ನೋಡುವುದಿಲ್ಲ. ಸಾಧ್ಯವಾದರೆ ಲೋಡ್ ಆಗುವ ಹೊತ್ತು ಅತ್ತೆಯವರು ಮತ್ತು ಮಕ್ಕಳು ಪರಿಚಯದವರ ಮನೆಯಲ್ಲಿ ಇರಲಿ.

ಸಾಮಾನು ಹೊರುವವರಿಗೂ ನೆರಳು, ನೀರು ಬೇಕು. 15–20 ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಕುಡಿಯಬೇಕು, ಬಾಯಾರಿಕೆ ಆಗುವ ತನಕ ಕಾಯಬಾರದು. ತಲೆನೋವು, ತಲೆ ಸುತ್ತು, ವಾಂತಿ ಬಂದಂತೆ ಆದರೆ ಕೆಲಸ ನಿಲ್ಲಿಸಿ ನೆರಳಿಗೆ ಕರೆತಂದು, ಮೈ ಒದ್ದೆ ಮಾಡಿ ಗಾಳಿ ಹಾಕಿ. ಮಾತು ತೊದಲಿದರೆ, ಗೊಂದಲವಾದರೆ, ಪ್ರಜ್ಞೆ ತಪ್ಪಿದರೆ ಅದು ತುರ್ತು. ಮೈ ತಣಿಸುತ್ತಲೇ ಆಂಬುಲೆನ್ಸ್ ಕರೆಯಿರಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ಮೂರನೇ ಮಹಡಿ
ಇದಕ್ಕೇ ರಾತ್ರಿ ಲೋಡ್ ಮಾಡಿಸಿದರೆ ಹೇಗೆ? ಬಿಸಿಲೇ ಇರುವುದಿಲ್ಲ.

ಲಾರಿ ಜೊತೆಗಾರ
ರಾತ್ರಿ ಮೆಟ್ಟಿಲಲ್ಲಿ ಬೆಳಕು ಸಾಲುವುದಿಲ್ಲ, ಜನ ದಣಿದಿರುತ್ತಾರೆ, ಅಕ್ಕಪಕ್ಕದವರಿಗೂ ಕಿರಿಕಿರಿ. ಬೆಳಗಿನ ಜಾವ ಶುರು ಮಾಡಿ ಬಿಸಿಲು ಏರುವ ಮೊದಲು ಭಾರದ ಸಾಮಾನು ಇಳಿಸಿಬಿಡುವುದೇ ಸರಿ. ಅದಾಗಬೇಕಾದರೆ ಹಿಂದಿನ ರಾತ್ರಿಯೇ ಎಲ್ಲಾ ಡಬ್ಬಕ್ಕೂ ಟೇಪ್ ಬಿದ್ದಿರಬೇಕು. ಲಾರಿ ಬಂದು ನಿಂತ ಮೇಲೆ ಅಡುಗೆಮನೆ ಕಟ್ಟಲು ಶುರು ಮಾಡುವ ಮನೆಗಳನ್ನು ಬಹಳ ನೋಡಿದ್ದೇನೆ. ಅಲ್ಲಿ ಮಧ್ಯಾಹ್ನದ ತನಕ ಏನೂ ಹೊರಡುವುದಿಲ್ಲ.

ಲಾರಿಗೆ ಹಾಕಬಾರದ್ದನ್ನೂ ಹೇಳಿಬಿಡುತ್ತೇನೆ. ಮುಚ್ಚಿದ ಗಾಡಿ ಬಿಸಿಲಲ್ಲಿ ನಿಂತರೆ ಒಳಗೆ ಹೊರಗಿಗಿಂತ ಬಹಳ ಜಾಸ್ತಿ ಕಾಯುತ್ತದೆ. ಗ್ಯಾಸ್ ಸಿಲಿಂಡರ್, ಪೆಟ್ರೋಲು, ಸೀಮೆಎಣ್ಣೆ, ಬಣ್ಣ, ಥಿನ್ನರ್, ಆಸಿಡ್, ಸ್ಪ್ರೇ ಡಬ್ಬಿ ಯಾವುದೂ ಬೇಡ. ಸ್ಪ್ರೇ ಡಬ್ಬಿಯ ಮೇಲೆಯೇ 50 ಡಿಗ್ರಿಗಿಂತ ಜಾಸ್ತಿ ಕಾಯಬಾರದು ಎಂದು ಬರೆದಿರುತ್ತದೆ, ಓದಿ ನೋಡಿ. ಪವರ್ ಬ್ಯಾಂಕ್, ಲ್ಯಾಪ್‌ಟಾಪ್, ಹಾರ್ಡ್ ಡಿಸ್ಕ್ ನಿಮ್ಮ ಜೊತೆಗಿರಲಿ. ಮೇಣದಬತ್ತಿ ಕರಗಿ ಬಟ್ಟೆಗೆ ಅಂಟುತ್ತದೆ. ಹಳೇ ಗ್ರಾಮೊಫೋನ್ ತಟ್ಟೆ ಸೊಟ್ಟಗಾಗುತ್ತದೆ. ಫೋಟೋ ಆಲ್ಬಮ್ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಒಡವೆ, ಮನೆ ಪತ್ರ, ಗುರುತಿನ ಚೀಟಿ, ಮಕ್ಕಳ ಶಾಲೆಯ ಕಾಗದ ಎಲ್ಲಾ ಒಂದೇ ಚೀಲದಲ್ಲಿ ನಿಮ್ಮ ಹೆಗಲ ಮೇಲೆ ಇರಲಿ.

ಬೆಕ್ಕಿನ ಮನೆ
ಬೆಕ್ಕಿನ ಬಗ್ಗೆ ಸ್ವಲ್ಪ. ಒಯ್ಯುವ ಬುಟ್ಟಿಯನ್ನು ಇವತ್ತೇ ಹೊರಗೆ ತೆಗೆದಿಡಿ. ಅದರಲ್ಲಿ ಅದು ಮಲಗುವ ಬಟ್ಟೆ ಹಾಕಿ, ಊಟವನ್ನೂ ಅಲ್ಲೇ ಕೊಡಿ. ಹೊರಡುವ ದಿನದ ಹೊತ್ತಿಗೆ ಭಯ ಹೋಗಿರುತ್ತದೆ. ಲೋಡಿಂಗ್ ದಿನ ಬಾಗಿಲು ಸದಾ ತೆರೆದೇ ಇರುತ್ತದೆ. ಬೆಕ್ಕು ತಪ್ಪಿಸಿಕೊಳ್ಳುವುದು ಆಗಲೇ. ಬಚ್ಚಲುಮನೆಯನ್ನು ಮೊದಲೇ ಖಾಲಿ ಮಾಡಿ ಅಲ್ಲಿ ಬಿಡಿ. ಗಾಳಿ ಆಡಲಿ, ನೀರು ಇರಲಿ. ‘ತೆರೆಯಬೇಡಿ, ಬೆಕ್ಕಿದೆ’ ಎಂದು ದೊಡ್ಡ ಅಕ್ಷರದಲ್ಲಿ ಬಾಗಿಲಿಗೆ ಅಂಟಿಸಿ. ಹೊಸ ಮನೆಯಲ್ಲಿ ಮೊದಲ ಕೆಲವು ದಿನ ಒಂದೇ ಕೋಣೆ. ಹಳೇ ವಾಸನೆಯ ಬಟ್ಟೆ ಒಗೆಯದೆ ಹಾಗೇ ಇಡಿ. ಕೊರಳಪಟ್ಟಿಯ ಮೇಲಿನ ಫೋನ್ ನಂಬರು, ವಿಳಾಸ ಬದಲಿಸಿ.

ಹೊಸ ವಿಳಾಸ
ಒಂದು ಸುದ್ದಿ. ಹೊಸ ಮನೆಯ ಬಣ್ಣದ ಕೆಲಸ ಇಪ್ಪತ್ತನೇ ತಾರೀಖಿನೊಳಗೆ ಮುಗಿಯುತ್ತದಂತೆ. ಅಲ್ಲಿಂದ ಮುಂದಿನ ದಿನಗಳಿಗೆ ಬಾಡಿಗೆ ಕೊಟ್ಟರೆ ಕೀಲಿ ಕೊಡುತ್ತೇವೆ ಎಂದರು. ಬುಧವಾರ ನೋಡಿ 23ಕ್ಕೆ ಕೇಳಿದೆ. ಮೊದಲು ಗಾಡಿ ಇಲ್ಲ ಎಂದಿದ್ದವರೇ ‘ಬೆಳಿಗ್ಗೆ ಮೊದಲ ಕೆಲಸ ನಿಮ್ಮದೇ’ ಎಂದರು! ನಾಡಿದ್ದು ಮನೆ ನೋಡಲು ಬರುತ್ತಾರೆ. ಇನ್ನಿಬ್ಬರನ್ನೂ ಕರೆದಿದ್ದೇನೆ. ಹಳೇ ಮನೆ ತಿಂಗಳ ಕೊನೆ ತನಕ ನಮ್ಮ ಕೈಯಲ್ಲೇ ಇರುವುದರಿಂದ ನನ್ನ ಯಜಮಾನರು ಹಿಂದೆ ಉಳಿದು ಗುಡಿಸಿ ಒರೆಸಿ ಕೀಲಿ ಕೊಟ್ಟು ಬರುತ್ತಾರೆ.

ಬಿಟ್ಟುಹೋಗಿರುವುದು ಏನಾದರೂ ಇದೆಯಾ?

ಮನೆ ಮಾಲೀಕ
ಬಹಳ ಒಳ್ಳೆಯದಾಯಿತು ತಾಯಿ. ಯಜಮಾನರಿಗೆ ಹೇಳಿ, ಖಾಲಿ ಮನೆಯ ಪ್ರತಿ ಗೋಡೆ, ನಲ್ಲಿ, ಸ್ವಿಚ್ ಬೋರ್ಡಿನ ವಿಡಿಯೋ ಮಾಡಲಿ. ಕರೆಂಟು, ನೀರಿನ ಮೀಟರ್ ಫೋಟೋ ತೆಗೆಯಲಿ. ಕೀಲಿ ಕೊಟ್ಟದ್ದಕ್ಕೆ ಮಾಲೀಕರಿಂದ ಒಂದು ಮೆಸೇಜ್ ಆದರೂ ಹಾಕಿಸಿಕೊಳ್ಳಲಿ. ಡಿಪಾಸಿಟ್ ವಾಪಸ್ ಕೇಳುವಾಗ ಮಾತಿಗೆ ಮಾತು ಬೆಳೆಯುವುದಿಲ್ಲ.

ಹೊಸ ಮನೆಯ ಇಂಟರ್ನೆಟ್‌ಗೆ ಈಗಲೇ ಅರ್ಜಿ ಹಾಕಿ. ಅವರಿಗೂ ಇದು ಸೀಸನ್. ಕರೆಂಟು, ಗ್ಯಾಸ್ ಸಂಪರ್ಕ ನೀವು ಕಾಲಿಡುವ ಹಿಂದಿನ ದಿನದಿಂದ ಶುರುವಾಗಲಿ.

ಪುಸ್ತಕದ ಹುಳು
ಬೇಡದ ಸಾಮಾನು ಮಾರುವುದಿದ್ದರೆ ಈ ವಾರವೇ ಮಾರಿ. ತಿಂಗಳ ಕೊನೆಯಲ್ಲಿ ಊರು ಬಿಡುವವರೆಲ್ಲ ಮೇಜು, ಕುರ್ಚಿ ಮಾರಲು ನಿಂತಿರುತ್ತಾರೆ, ಸುಮ್ನೆ ಕೊಟ್ಟರೂ ಒಯ್ಯುವವರು ಸಿಗುವುದಿಲ್ಲ. ಒಂದು ಡಬ್ಬ ಕಡಿಮೆಯಾದರೆ ಒಂದು ಡಬ್ಬ ಹೊರುವುದೂ ಕಡಿಮೆ.

ಇಬ್ಬರ ಅಮ್ಮ
ಮೊದಲ ರಾತ್ರಿಯ ಚೀಲ ಬೇರೆ ಮಾಡಿ. ಎರಡು ಜೊತೆ ಬಟ್ಟೆ, ಹಾಸಿಗೆ ಬಟ್ಟೆ, ಸೋಪು, ಚಾರ್ಜರ್, ಟಾರ್ಚ್, ಕತ್ತರಿ, ಸ್ಕ್ರೂಡ್ರೈವರ್, ಒಂದು ಪಾತ್ರೆ, ಲೋಟಗಳು, ಒಂದು ಟೇಬಲ್ ಫ್ಯಾನ್. ಫ್ಯಾನ್ ಮರೆಯಬೇಡಿ. ಎಸಿ ಹಾಕುವವರು ಮಾರನೇ ದಿನ ಬಂದರೂ ಅತ್ತೆಯವರು ಆ ರಾತ್ರಿ ನಿದ್ದೆ ಮಾಡಬೇಕು. ಮಕ್ಕಳಿಗೆ ಅವರದೇ ಒಂದು ಡಬ್ಬ ಕೊಟ್ಟು, ಅವರೇ ತುಂಬಿ ಹೆಸರು ಬರೆಯಲಿ. ಊರು ಬಿಡುವುದು ಅವರಿಗೂ ದೊಡ್ಡ ವಿಷಯವೇ.

ಹೊಸ ವಿಳಾಸ
ಕೊನೆಯದಾಗಿ ಒಂದು. ಬಾಕಿ ದುಡ್ಡು ಯಾವಾಗ ಕೊಡಬೇಕು? ಸಾಮಾನು ಇಳಿಸುವ ಮೊದಲಾ, ಆಮೇಲಾ?

ಲಾರಿ ಜೊತೆಗಾರ
ಅಡ್ವಾನ್ಸ್ ಸ್ವಲ್ಪ, ಲೋಡ್ ಆದ ಮೇಲೆ ಒಂದು ಪಾಲು, ಇಳಿಸಿ ಪಟ್ಟಿ ನೋಡಿದ ಮೇಲೆ ಉಳಿದದ್ದು. ಹೀಗೇ ಅಂತ ಕೊಟೇಷನ್‌ನಲ್ಲಿ ಬರೆಸಿ. ಕೆಲವರು ಇಳಿಸುವ ಮೊದಲೇ ಪೂರ್ತಿ ಕೇಳುತ್ತಾರೆ. ಅದು ಅವರ ನಿಯಮವಾದರೆ ಮೊದಲೇ ಗೊತ್ತಿರಲಿ, ಗಾಡಿ ಬಾಗಿಲಲ್ಲಿ ನಿಂತಾಗ ಅಲ್ಲ. ದುಡ್ಡು ಬ್ಯಾಂಕಿನ ಮೂಲಕವೇ ಹೋಗಲಿ, ರಸೀದಿ ತೆಗೆದುಕೊಳ್ಳಿ. ಲೋಡ್ ಆದ ಕೂಡಲೇ ಗಾಡಿಯ ನಂಬರ್ ಪ್ಲೇಟ್ ಫೋಟೋ, ಡ್ರೈವರ್ ಫೋನ್ ನಂಬರು ಇಟ್ಟುಕೊಳ್ಳಿ. ಏನಾದರೂ ಒಡೆದಿದ್ದರೆ, ಕಾಣೆಯಾಗಿದ್ದರೆ ಅವರ ಕಾಗದದ ಮೇಲೆ ಬರೆದು ಆಮೇಲೆ ಸಹಿ ಹಾಕಿ. ಎಲ್ಲಾ ಡಬ್ಬ ಅಲ್ಲೇ ಬಿಚ್ಚಿ ನೋಡಲು ಆಗುವುದಿಲ್ಲ. ಅದಕ್ಕೆ ‘ಒಳಗಿನ ಸಾಮಾನು ಇನ್ನೂ ನೋಡಿಲ್ಲ’ ಎಂದು ಸಹಿಯ ಪಕ್ಕ ಒಂದು ಸಾಲು ಬರೆಯಿರಿ. ದೂರು ಕೊಡಲು ಎಷ್ಟು ದಿನ ಸಮಯ ಇದೆ ಅಂತ ನಾಡಿದ್ದು ಅವರು ಬಂದಾಗಲೇ ಕೇಳಿಟ್ಟುಕೊಳ್ಳಿ.